ಸೀಟಿ ಕೇಳಿ ತಿರುಗಿ ಬಂದ ಮುಧೋಳ ನಾಯಿ

ಹೋದ ಭಾನುವಾರ ಧಾರವಾಡದ ಹೊರಗಿನ ನಮ್ಮ ಹೊಲದಲ್ಲಿ ನನ್ನ ನಾಯಿ ಚೆನ್ನಿಯ ಎದುರಿಗೇ ಮೊಲ ಎದ್ದಿತು. ಸೀಟಿ ಊದಿದೆ. ತಿರುಗಿ ನನ್ನ ಹತ್ತಿರ ಓಡಿ ಬಂದಳು. ಮುಧೋಳ ನಾಯಿ ಸಾಕಿದವರಿಗೆ ಇದೆಷ್ಟು ದೊಡ್ಡ ಮಾತು ಅಂತ ಗೊತ್ತು. ಪಕ್ಕದ ಹೊಲದ ಕಾಕಾ ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದರು, "ತಮ್ಮಾ, ಇದು ಬ್ಯಾಟಿ ನಾಯಿ, ಕರದ್ರ ಬರೂದಲ್ಲ, ಕಟ್ಟಿ ಹಾಕು." ಅವತ್ತು ಅವರೂ ಬದುವಿನ ಮೇಲೆ ನಿಂತು ನೋಡಿದರು. 2016ರಲ್ಲಿ ಸೈನ್ಯದವರು ಮುಧೋಳ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದಿದ್ದರಲ್ಲ, ಅವರಿಗೆ ಕಲಿಸಲು ಆಗುತ್ತೆ ಅಂದರೆ ನನಗ್ಯಾಕೆ ಆಗಲ್ಲ ಅನ್ನೋದೇ ನನ್ನ ಹಟ.

ಮೊದಲು ದುಡ್ಡಿನ ವಿಷಯ. ಮನೆಗೆ ಬಂದು ಕಲಿಸುವ ಒಬ್ಬರಿಗೆ ಸುಮಾರು 8,000 ಕೊಟ್ಟೆ. ಎಳೆದರೆ ಕೊರಳು ಬಿಗಿಯುವ ಚೋಕ್ ಚೈನ್ ಹಾಕಿ ಎಳೆದರು. ಒಂದೇ ವಾರಕ್ಕೆ ಚೆನ್ನಿ ಬೆಲ್ಟು ಕಂಡರೆ ಮಂಚದ ಕೆಳಗೆ ಸೇರತೊಡಗಿದಳು, ನಿಲ್ಲಿಸಿಬಿಟ್ಟೆ. ಆಮೇಲೆ ಆನ್‌ಲೈನ್ ಕೋರ್ಸು, ಒಂದಕ್ಕೆ 4,500, ಇನ್ನೊಂದಕ್ಕೆ 2,000ದ ಆಸುಪಾಸು. ಎರಡರಲ್ಲೂ ಲ್ಯಾಬ್ರಡಾರ್. ಲ್ಯಾಬು ತಿನ್ನೋದಕ್ಕಾಗಿ ಏನು ಬೇಕಾದರೂ ಮಾಡುತ್ತೆ. ನಮ್ಮದು ಕಣ್ಣಿನಿಂದ ಬೇಟೆಯಾಡುವ ತಳಿ, ದೂರದಲ್ಲಿ ಏನಾದರೂ ಅಲುಗಿದರೆ ಬಾಯಲ್ಲಿದ್ದ ಚಿಕನ್ನೂ ಉಗುಳಿ ಓಡುತ್ತೆ. ಆರು ತಿಂಗಳು ದಿನಾ ರಾತ್ರಿ ವಿಡಿಯೋ ನೋಡಿದೆ. ಅದರ ನಡುವೆಯೇ ಒಬ್ಬರ ಆಡಿನ ಮರಿಗೆ ಇವಳು ಕಚ್ಚಿ 3,000 ಕಟ್ಟಿಕೊಡಬೇಕಾಯಿತು.

ಕೆಲಸ ಆಗಿದ್ದು ಬೇರೆಯವರ ವಿಡಿಯೋ ಬಿಟ್ಟು ನನ್ನದೇ ವಿಡಿಯೋ ನೋಡಿದಾಗ. ಮೊಬೈಲನ್ನು ಕಲ್ಲಿಗೆ ಒರಗಿಸಿಟ್ಟು ಶೂಟ್ ಮಾಡಿದೆ, ರಾತ್ರಿ ಸ್ಲೋ ಮಾಡಿ ನೋಡಿದೆ. ಅವಳು ನನ್ನ ಕಡೆ ತಿರುಗಿದ ಮೇಲೆ ನಾನು ಕ್ಲಿಕ್ಕರ್ (ಸರಿ ಮಾಡಿದ ಕ್ಷಣಕ್ಕೇ ಟಿಕ್ ಅನ್ನಿಸಿ, ತಿಂಡಿ ಬರುತ್ತೆ ಅಂತ ತಿಳಿಸುವ ಪುಟ್ಟ ಡಬ್ಬಿ) ಒತ್ತಲು ಒಂದು ಸೆಕೆಂಡಿಗಿಂತ ಜಾಸ್ತಿ ತಡ. ಅಷ್ಟರಲ್ಲಿ ಅವಳು ಮತ್ತೆ ಆಚೆ ನೋಡುತ್ತಿದ್ದಳು. ಅಂದರೆ ಆಚೆ ನೋಡಿದ್ದಕ್ಕೇ ನಾನು ತಿಂಡಿ ಕೊಡುತ್ತಾ ಬಂದಿದ್ದೆ! ಜೊತೆಗೆ ಕ್ಲಿಕ್ಕಿಗಿಂತ ಮೊದಲೇ ಕೈ ತಿಂಡಿ ಚೀಲಕ್ಕೆ ಹೋಗುತ್ತಿತ್ತು, ಅವಳು ಕೈ ನೋಡುತ್ತಿದ್ದಳೇ ಹೊರತು ಕ್ಲಿಕ್ ಕೇಳುತ್ತಿರಲಿಲ್ಲ. ಎರಡು ವಾರ ನಾಯಿ ಇಲ್ಲದೆ ಅಭ್ಯಾಸ ಮಾಡಿದೆ. ಮಗಳು ಚೆಂಡು ಪುಟಿಸುತ್ತಿದ್ದಳು, ನೆಲ ಮುಟ್ಟಿದ ಕ್ಷಣಕ್ಕೆ ನಾನು ಕ್ಲಿಕ್.

"ಬಾ" ಅನ್ನೋ ಪದವನ್ನೂ ಬಿಟ್ಟೆ. ಸ್ನಾನಕ್ಕೂ ಬಾ, ಬೈಯೋದಕ್ಕೂ ಬಾ, ಆಟ ಮುಗಿಸಿ ಹಗ್ಗ ಹಾಕೋದಕ್ಕೂ ಬಾ. ಹಾಗಾದರೆ ಯಾವ ನಾಯಿ ಬರುತ್ತೆ? ಹೊಸದಾಗಿ ಸೀಟಿ ತಂದೆ. ಮನೆಯಲ್ಲಿ ಯಾರೂ ಅದನ್ನು ಸುಮ್ನೆ ಊದುವ ಹಾಗಿಲ್ಲ.

ತಿಂಡಿಯಲ್ಲಿ ಒಣಕೊಬ್ಬರಿ, ಪನೀರ್ ಎಲ್ಲಾ ನೋಡಿದೆ. ಬೇಯಿಸಿ ತವೆಯ ಮೇಲೆ ಒಣಗಿಸಿದ ಕೋಳಿ ಲಿವರ್ ಗೆದ್ದಿತು, ಆದರೆ ಜಾಸ್ತಿ ಆದರೆ ಭೇದಿ. ಹೊಲದಲ್ಲಿ ಅದೂ ಸಾಲಲಿಲ್ಲ. ಅವಳಿಗೆ ಬೇಕಾದದ್ದು ಅಟ್ಟಿಸಿಕೊಂಡು ಓಡೋದು, ಅದನ್ನೇ ಬಹುಮಾನ ಮಾಡಿದೆ. ಬಿದಿರು ಕೋಲು, ತುದಿಗೆ ಹಗ್ಗ, ಹಗ್ಗಕ್ಕೆ ಹಳೆ ಟವೆಲ್. ಸೀಟಿಗೆ ಬಂದರೆ ಅರ್ಧ ನಿಮಿಷ ಟವೆಲ್ ಬೇಟೆ. ಖರ್ಚು 60 ರೂಪಾಯಿ ಇರಬಹುದು. ಟವೆಲ್‌ಗೆ ಏನು ಹಚ್ಚುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಸೀಟಿ ಊದುವ ಹೊತ್ತು ಮುಖ್ಯ. ಕಿವಿ ನೆಟ್ಟಗಾಗಿ ಮೈ ಬಿಗಿಯಾದ ಕೂಡಲೇ ಊದಬೇಕು, ಓಟ ಹಿಡಿದ ಮೇಲೆ ಊದಿ ಉಪಯೋಗ ಇಲ್ಲ.

ಮೂರು ತಿಂಗಳು 15 ಮೀಟರ್ ಹಗ್ಗದಲ್ಲೇ ಮಾಡಿದೆ. ಹಗ್ಗವನ್ನು ಕೊರಳಿಗೆ ಕಟ್ಟಬೇಡಿ, ಆ ವೇಗದಲ್ಲಿ ಜಗ್ಗಿದರೆ ಕುತ್ತಿಗೆಗೆ ಪೆಟ್ಟು, ಎದೆಗೆ ಹಾಕುವ ಪಟ್ಟಿ, ಅಂದರೆ ಹಾರ್ನೆಸ್ ಬೇಕೇ ಬೇಕು. ಕೈಗವಸೂ ಹಾಕಿಕೊಳ್ಳಿ, ನನ್ನ ಅಂಗೈ ಎರಡು ಸಲ ಸುಲಿದಿದೆ.

ಆಡು ಕುರಿ ಕಂಡರೆ ಮಾತ್ರ ಈಗಲೂ ಹಗ್ಗ ಬಿಚ್ಚುವುದಿಲ್ಲ. ಜೋಳ ಕೊಯ್ದ ಮೇಲೆ ಗೊಬ್ಬರಕ್ಕೆ ಅಂತ ನಮ್ಮ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸುತ್ತಾರೆ. ಕುರಿಗಾರರನ್ನು ಕೇಳಿಟ್ಟಿದ್ದೇನೆ, ನೂರು ಮೀಟರ್ ದೂರದಿಂದ ಅಭ್ಯಾಸ ಶುರು ಮಾಡುತ್ತೇನೆ.