ಜಪಾನಿಗೆ ಇಂಗ್ಲಿಷ್ ಕಲಿಸಲು ಬರುತ್ತೀರಾ? ಕನ್ನಡವನ್ನೂ ತನ್ನಿ

ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಜಪಾನಿನ ಶಾಲೆಗಳಲ್ಲಿ ಕಲಿಸುವವರಿಗೆ ಕೊಡುವ ವೀಸಾಕ್ಕೆ ‘ಕ್ಯೋಇಕು’ ಎಂದು ಹೆಸರು. ಇಂಗ್ಲಿಷ್ ಕಲಿಸುವವರಾದರೆ ಕನಿಷ್ಠ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು, ಡಿಗ್ರಿಯೂ ಇರಬೇಕು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಲೆಕ್ಕ ಹಾಕಿ ನೋಡಿ. ಪಿಯುಸಿ 2, ಡಿಗ್ರಿ 3, ಎಂ.ಎ. 2, ಒಟ್ಟು 7 ಆಗುತ್ತದೆ. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಈ ಬಾಗಿಲು ತೆರೆಯುವುದಿಲ್ಲ. ಇದು ಅನ್ಯಾಯ ಅಂತ ನನಗೂ ಅನಿಸುತ್ತದೆ. ಆದರೆ ವಲಸೆ ಕಚೇರಿಯ ಕಿಟಕಿಯಲ್ಲಿ ಕೂತವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ‘ಎಯ್‌ಕೈವಾ’ ಅನ್ನುವ ಖಾಸಗಿ ಇಂಗ್ಲಿಷ್ ಕ್ಲಾಸುಗಳ ಕಡೆ ನೋಡಬಹುದು. ಅದರ ವೀಸಾ ಬೇರೆ, ಅಲ್ಲಿ ಮುಖ್ಯವಾಗಿ ಬೇಕಾಗುವುದು ಡಿಗ್ರಿ.

12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಸುಮ್ನೆ ಕೂರಬೇಡಿ. ಶಾಲೆ, ಕಾಲೇಜು ಎರಡೂ ಕಡೆಯಿಂದ ಬೋಧನಾ ಮಾಧ್ಯಮದ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ನನ್ನ ಪ್ರೈಮರಿ ಶಾಲೆ ಅಷ್ಟರಲ್ಲಿ ಹೆಸರನ್ನೇ ಬದಲಾಯಿಸಿಕೊಂಡಿತ್ತು. ಹಳೇ ರಿಜಿಸ್ಟರ್ ಹುಡುಕಿ, ಸೀಲು ಹಾಕಿಸಿ ಕೈಗೆ ಬರುವಷ್ಟರಲ್ಲಿ ಎರಡು ತಿಂಗಳು ಕಳೆಯಿತು. ಕೆಲಸ ಕೊಡುವವರು ಇಲ್ಲಿಂದ ‘ಸಿ.ಓ.ಇ.’ ಅನ್ನುವ ಅರ್ಹತಾ ಪತ್ರ ಕಳಿಸುತ್ತಾರೆ. ಅದು ಕೊಟ್ಟ ದಿನದಿಂದ ಮೂರೇ ತಿಂಗಳು ಚಾಲ್ತಿಯಲ್ಲಿರುತ್ತದೆ. ಅದರೊಳಗೆ ವೀಸಾ ಮಾಡಿಸಿಕೊಂಡು ಇಲ್ಲಿಗೆ ಬಂದು ಇಳಿಯಬೇಕು. ಆಗ ಓಡಾಡಲು ಟೈಮ್ ಸಾಲುವುದಿಲ್ಲ.

ಹೆಸರಿನ ವಿಷಯ ಇನ್ನೊಂದು. ನಮ್ಮಲ್ಲಿ ಇನಿಶಿಯಲ್ ಮಾತ್ರ ಇರುವವರು ಜಾಸ್ತಿ. ಇಲ್ಲಿ ಪ್ರತಿ ಫಾರಂನಲ್ಲೂ ಮನೆತನದ ಹೆಸರಿಗೆ ಒಂದು ಖಾನೆ ಇರುತ್ತದೆ, ಅದನ್ನು ಖಾಲಿ ಬಿಟ್ಟರೆ ಎದುರಿಗಿರುವವರು ಗಾಬರಿಯಾಗುತ್ತಾರೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಯಿರಿ. ಜಪಾನಿ ಅಕ್ಷರದಲ್ಲಿ ಹೆಸರನ್ನು ಹೇಗೆ ಬರೆಯುವುದು ಅನ್ನುವುದನ್ನೂ ಮೊದಲ ದಿನವೇ ತೀರ್ಮಾನಿಸಿ. ಬ್ಯಾಂಕಿನಲ್ಲಿ ಒಂದು ಥರ, ವಿಮೆ ದಾಖಲೆಯಲ್ಲಿ ಇನ್ನೊಂದು ಥರ ಆದರೆ ಆಮೇಲೆ ಅನುಭವಿಸಬೇಕಾಗುತ್ತದೆ. ಅಂದಹಾಗೆ ಇವರ ನುಡಿಯಲ್ಲಿ ‘ವ’ ಮತ್ತು ‘ಎ’ ಸೇರಿ ‘ವೆ’ ಆಗುವುದೇ ಇಲ್ಲ. ವೆಂಕಟೇಶ ಇಲ್ಲಿಗೆ ಬಂದರೆ ಬೆಂಕಟೇಶು ಆಗುತ್ತಾನೆ.

ವಿಮಾನ ನಿಲ್ದಾಣದಲ್ಲೇ ‘ಜಾಯ್‌ರ್ಯೂ ಕಾರ್ಡು’ ಅನ್ನುವ ನಿವಾಸಿ ಗುರುತಿನ ಚೀಟಿ ಕೊಡುತ್ತಾರೆ. ಅದು ಸದಾ ಜೇಬಿನಲ್ಲಿರಬೇಕು, ಇದು ಕಾನೂನು. ಮನೆ ಸೇರಿದ 14 ದಿನದೊಳಗೆ ಆ ಊರಿನ ನಗರ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಅದಾದ ಮೇಲೇ ಬ್ಯಾಂಕು, ಫೋನು, ವಿಮೆ ಎಲ್ಲ. ವಿಮೆ ಇದ್ದರೆ ಆಸ್ಪತ್ರೆ ಬಿಲ್ಲಿನಲ್ಲಿ ನಮ್ಮ ಪಾಲು ಶೇ. 30 ಮಾತ್ರ.

ಈಗ ದುಡ್ಡಿನ ಮಾತು. ನಾನು ಪೆಟ್ಟು ತಿಂದು ಕಲಿತದ್ದು ಇದನ್ನೇ. ಮೊದಲ ವರ್ಷ ಕೈತುಂಬ ಸಂಬಳ ಉಳಿಯುತ್ತದೆ, ಜಪಾನ್ ಎಂಥ ಒಳ್ಳೆ ದೇಶ ಅನಿಸುತ್ತದೆ. ಎರಡನೇ ವರ್ಷದ ಜೂನ್‌ನಲ್ಲಿ ಒಂದು ದಪ್ಪ ಲಕೋಟೆ ಬರುತ್ತದೆ. ಅದು ‘ಜೂಮಿನ್‌ಜೇ’, ಅಂದರೆ ನಿವಾಸಿ ತೆರಿಗೆ. ಜನವರಿ 1ರಂದು ನೀವು ಯಾವ ಊರಿನಲ್ಲಿದ್ದಿರೋ ಆ ಊರು, ಹಿಂದಿನ ವರ್ಷದ ಆದಾಯದ ಮೇಲೆ ಇದನ್ನು ಹಾಕುತ್ತದೆ. ತೆರಿಗೆಗೆ ಒಳಪಡುವ ಆದಾಯದ ಸುಮಾರು ಹತ್ತನೇ ಒಂದು ಪಾಲು. ಹೊಸದಾಗಿ ಬಂದವರಿಗೆ ಹಿಂದಿನ ವರ್ಷ ಇಲ್ಲಿ ಆದಾಯವೇ ಇರುವುದಿಲ್ಲ, ಅದಕ್ಕೇ ಮೊದಲ ವರ್ಷ ಬಿಟ್ಟಿ. ನಾನು ಆ ಉಳಿತಾಯದಲ್ಲಿ ಊರಿಗೆ ಟಿಕೆಟ್ ತೆಗೆದು, ಲಕೋಟೆ ಬಂದಾಗ ಪಕ್ಕದ ಮನೆಯವರ ಎದುರು ಅಳುವುದೊಂದು ಬಾಕಿಯಿತ್ತು. ಮೊದಲ ತಿಂಗಳಿನಿಂದಲೇ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಇಟ್ಟುಬಿಡಿ.

ಕೆಲಸ ಒಪ್ಪಿಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ: ಆಗಸ್ಟ್ ತಿಂಗಳ ಸಂಬಳ ಪೂರ್ತಿ ಬರುತ್ತದೆಯೇ? ಹೊರದೇಶದಿಂದ ಸಹಾಯಕ ಶಿಕ್ಷಕರನ್ನು ಕರೆಸುವ ಸರ್ಕಾರದ ಜೆಟ್ ಯೋಜನೆ 1987ರಿಂದ ನಡೆಯುತ್ತಿದೆ, ಅದರಲ್ಲಿ ಬಂದವರಿಗೆ ಈ ತಲೆನೋವಿಲ್ಲ. ಆದರೆ ಅನೇಕ ಊರುಗಳ ಶಿಕ್ಷಣ ಮಂಡಳಿಗಳು ಮಧ್ಯವರ್ತಿ ಕಂಪನಿಗಳಿಂದ ಸಹಾಯಕ ಶಿಕ್ಷಕರನ್ನು ತರಿಸಿಕೊಳ್ಳುತ್ತವೆ. ಸಹಾಯಕ ಶಿಕ್ಷಕರನ್ನು ಎಲ್ಲರೂ ‘ಎ.ಎಲ್.ಟಿ.’ ಎಂದೇ ಕರೆಯುತ್ತಾರೆ. ಶಾಲೆಗೆ ರಜೆ ಇರುವ ತಿಂಗಳು ಇಂಥ ಕೆಲವು ಕಂಪನಿಗಳು ಸಂಬಳ ಕತ್ತರಿಸುತ್ತವೆ. ನನ್ನ ಮೊದಲ ಕಂಪನಿ ಅದನ್ನು ಒಪ್ಪಂದದ ಹನ್ನೊಂದನೇ ಪುಟದಲ್ಲಿ ಬರೆದಿತ್ತು. ನಾನು ಓದಿದ್ದು ಒಂಬತ್ತರವರೆಗೆ.

ನನ್ನನ್ನು ಹಾಕಿದ್ದು ಗುನ್ಮಾ ಪ್ರಾಂತ್ಯಕ್ಕೆ. ಟೋಕಿಯೋದಿಂದ ವಾಯವ್ಯಕ್ಕೆ, ಅಲ್ಲಿನ ತಕಸಾಕಿ ಊರಿಗೆ ಶಿಂಕಾನ್‌ಸೆನ್ ಬುಲೆಟ್ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಸಿಗುತ್ತದೆ. ಚಳಿಗಾಲದಲ್ಲಿ ಬೆಟ್ಟದ ಕಡೆಯಿಂದ ಒಣಗಾಳಿ ಬೀಸುತ್ತದೆ. ಅದಕ್ಕೆ ‘ಕರಕ್ಕಜೆ’ ಎಂದು ಹೆಸರೇ ಇದೆ. ಸೈಕಲ್ ತುಳಿದರೆ ಮುಂದಕ್ಕೇ ಹೋಗುವುದಿಲ್ಲ. ಇಲ್ಲಿಯ ಹಳೇ ಮನೆಗಳು ಚಳಿ ತಡೆಯುವುದಿಲ್ಲ, ಒಳಗೂ ಹೊರಗೂ ಹೆಚ್ಚು ವ್ಯತ್ಯಾಸವಿಲ್ಲ. ಏಪ್ರಿಲ್‌ನಲ್ಲಿ ಶಾಲೆ ಶುರುವಾದಾಗ ಚೆರ್ರಿ ಹೂವು ನೋಡಿ ಮೋಸ ಹೋಗಬೇಡಿ, ಸ್ವೆಟರ್ ತನ್ನಿ.

ಶಾಲೆಯಲ್ಲಿ ಬಾಗಿಲ ಹತ್ತಿರವೇ ಚಪ್ಪಲಿ ಬಿಟ್ಟು, ಒಳಗೆ ಹಾಕುವ ಬೂಟು ಹಾಕಿಕೊಳ್ಳಬೇಕು. ನಿಮ್ಮದೇ ಒಂದು ಜೊತೆ ತೆಗೆದುಕೊಂಡು ಹೋಗಿ. ಅತಿಥಿಗಳಿಗಿಡುವ ಸ್ಲಿಪ್ಪರಿನಲ್ಲಿ ಮೂರನೇ ಮಹಡಿ ಹತ್ತುವುದು ಸರ್ಕಸ್ಸೇ ಸರಿ. ಹೆಡ್‌ಮಾಸ್ತರರಿಗೆ ನಮಸ್ಕಾರ ಮಾಡಿ, ಆದರೆ ‘ಕ್ಯೋತೋ ಸೆನ್‌ಸೇ’ ಅಂದರೆ ಉಪ ಮುಖ್ಯೋಪಾಧ್ಯಾಯರ ಜೊತೆ ಚೆನ್ನಾಗಿರಿ. ಸ್ಟಾಫ್ ರೂಮು ನಡೆಯುವುದು ಅವರಿಂದ. ರಜೆ ಮುಗಿಸಿ ಬರುವಾಗ ಎಲ್ಲರಿಗೂ ಸಿಹಿ ತರುವುದು ಇಲ್ಲಿಯ ಪದ್ಧತಿ. ಒಂದೊಂದೂ ಬೇರೆ ಬೇರೆ ಪೊಟ್ಟಣದಲ್ಲಿರಬೇಕು. ನಾನು ತುಪ್ಪ ಸೋರುವ ಡಬ್ಬಿ ಇಟ್ಟೆ. ಎರಡು ದಿನ ಎಲ್ಲರೂ ಅದನ್ನು ಗೌರವದಿಂದ ನೋಡಿದರು, ಯಾರೂ ಮುಟ್ಟಲಿಲ್ಲ.

ಮಧ್ಯಾಹ್ನದ ಊಟ ಮಕ್ಕಳ ಜೊತೆ, ತರಗತಿಯಲ್ಲೇ. ಮಕ್ಕಳೇ ಬಡಿಸುತ್ತಾರೆ. ಸಸ್ಯಾಹಾರಿಗಳು ಇಲ್ಲಿ ಹುಷಾರಾಗಿರಬೇಕು. ‘ಮಾಂಸ ಬೇಡ’ ಅಂದರೆ ಮೀನು ಹಾಕುತ್ತಾರೆ. ‘ಮೀನೂ ಬೇಡ’ ಅಂದರೆ ತುಂಡು ತೆಗೆದು ಸಾರು ಬಡಿಸುತ್ತಾರೆ. ಆ ಸಾರಿನ ಬುಡವೇ ‘ದಾಶಿ’, ಹೆಚ್ಚಾಗಿ ಒಣಮೀನಿನ ರಸ. ಅವರಿಗೆ ಅದು ಮೀನಿನ ಲೆಕ್ಕಕ್ಕೇ ಬರುವುದಿಲ್ಲ, ನಮ್ಮ ಒಗ್ಗರಣೆ ಇದ್ದ ಹಾಗೆ. ಜಗಳ ಬೇಡ, ಡಬ್ಬಿ ಕಟ್ಟಿಕೊಂಡು ಹೋಗುತ್ತೇನೆ ಅಂತ ಮೊದಲೇ ಹೇಳಿ. ಅಲರ್ಜಿ ಇರುವ ಮಕ್ಕಳೂ ಹಾಗೆ ತರುವುದುಂಟು. ನಾನು ಊಟದ ಜೊತೆ ಕೊಡುವ 200 ಮಿಲಿಲೀಟರ್ ಹಾಲನ್ನು ಮಾತ್ರ ಬಿಡಲಿಲ್ಲ. ಬೇಳೆ, ಮಸಾಲೆ ಬೇಕಾದರೆ ಟೋಕಿಯೋದ ಶಿನ್-ಓಕುಬೋದಲ್ಲಿ ಹಲಾಲ್ ಅಂಗಡಿಗಳ ಓಣಿಯೇ ಇದೆ. ನಮ್ಮ ದೇಶದವರ ಮುಖ ನೋಡಬೇಕು ಅನಿಸಿದರೆ ಎದೊಗಾವಾದ ನಿಶಿ-ಕಸಾಯ್ ಕಡೆ ಹೋಗಿ.

ಇನ್ನು ತರಗತಿ. ನಾನು ಈ ಬರಹ ಶುರುಮಾಡಿದ್ದೇ ಇದನ್ನು ಹೇಳಲು.

ಬಂದ ಹೊಸದರಲ್ಲಿ ನನಗೆ ಹೆದರಿಕೆಯಿತ್ತು. ಅಮೆರಿಕದವರ ಪಕ್ಕ ನನ್ನ ಇಂಗ್ಲಿಷ್ ಯಾರಿಗೆ ಬೇಕು? ಹಾಗಾಗಿ ಅವರ ಥರ ನಾಲಿಗೆ ಸುತ್ತಿಸಿ ಮಾತಾಡಲು ನೋಡಿದೆ. ಮಕ್ಕಳಿಗೆ ಅರ್ಥವಾಗಲಿಲ್ಲ, ನನಗೂ ಸುಸ್ತಾಯಿತು. 2020ರಿಂದ ಇಲ್ಲಿ ಐದು ಮತ್ತು ಆರನೇ ತರಗತಿಗೆ ಇಂಗ್ಲಿಷ್ ಪೂರ್ತಿ ವಿಷಯವಾಗಿದೆ, ವರ್ಷಕ್ಕೆ 70 ಪಿರಿಯಡ್. ಮೂರು, ನಾಲ್ಕಕ್ಕೆ 35, ಆಟಪಾಟದ ರೂಪದಲ್ಲಿ. ಅಂಥ ಒಂದು ಐದನೇ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ‘ಐ ಸಾಕರ್ ಲೈಕ್’ ಅಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ‘ನನಗೆ ಸಾಕರ್ ಇಷ್ಟ.’ ಹುಡುಗ ಹೇಳಿದ್ದು ಅದೇ ಸಾಲು. ನಮ್ಮ ಮನೆಯ ಮಕ್ಕಳೂ ಮೊದಲು ಹಾಗೇ ಹೇಳುವುದು.

ಅವತ್ತು ರಾತ್ರಿ ಜಪಾನಿ ಪುಸ್ತಕ ತೆರೆದು ಕನ್ನಡದ ಕಣ್ಣಿನಿಂದ ಓದಿದೆ. ಅಲ್ಲಿಯವರೆಗೆ ಇಂಗ್ಲಿಷ್ ಮೂಲಕ ಓದುತ್ತಿದ್ದೆ, ಅದೇ ತಪ್ಪಾಗಿತ್ತು. ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಹಾಗೆ. ಪ್ರತ್ಯಯ ಪದದ ಹಿಂದೆ ಅಂಟಿಕೊಳ್ಳುತ್ತದೆ: ‘ಟೋಕಿಯೋ ಕಾರಾ’ ಅಂದರೆ ಟೋಕಿಯೋದಿಂದ. ಪ್ರಶ್ನೆಗೆ ಕೊನೆಯಲ್ಲಿ ‘ಕಾ’ ಸೇರಿಸಿದರೆ ಸಾಕು, ನಾವು ‘ಆ’ ಸೇರಿಸಿದ ಹಾಗೆ. ಇವೆಲ್ಲ ವ್ಯಾಕರಣ ಪುಸ್ತಕದಲ್ಲಿ ಸಿಗುತ್ತವೆ. ನನಗೆ ರೋಮಾಂಚನವಾದದ್ದು ಬೇರೆ ಕಡೆ. ‘ತಾಬೆತೆ ಮಿರು’ ಅನ್ನುತ್ತಾರೆ. ತಾಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ತಿಂದು ನೋಡು! ಇಂಗ್ಲಿಷಿನವರಿಗೆ ಇದನ್ನು ಅರ್ಧ ಪುಟ ವಿವರಿಸಬೇಕು. ನಮಗೆ ಬಾಯಲ್ಲೇ ಇದೆ. ‘ಕಾಯ್ತೆ ಓಕು’ ಅಂದರೆ ಬರೆದಿಡು. ‘ವಾಸುರೆತೆ ಶಿಮತ್ತಾ’ ಅಂದರೆ ಮರೆತುಬಿಟ್ಟೆ. ಆ ‘ಬಿಟ್ಟೆ’ಯಲ್ಲಿ ಇರುವ ಅಯ್ಯೋ ಅನ್ನುವ ಭಾವವೂ ಹಾಗೇ ಇದೆ. ‘ತೋ ಓಮೋಉ’ ಅಂದರೆ ಅಂತ ಅನಿಸುತ್ತದೆ. ಮಾತು ಮಾತಿಗೆ ಕೊನೆಯಲ್ಲಿ ಹಾಕುವ ‘ನೇ’ ಇದೆಯಲ್ಲ, ಅದು ನಮ್ಮ ‘ಅಲ್ವಾ’. ಚಳಿ ಅಲ್ವಾ, ಚೆನ್ನಾಗಿದೆ ಅಲ್ವಾ. ಇದೊಂದನ್ನು ಸರಿಯಾದ ಜಾಗದಲ್ಲಿ ಹಾಕಿದರೆ ಸ್ಟಾಫ್ ರೂಮಿನಲ್ಲಿ ಅರ್ಧ ಸ್ನೇಹ ಆದ ಹಾಗೆ.

ಸಣ್ಣ ಮಳೆ ‘ಶಿತೊ ಶಿತೊ’ ಎಂದು ಬೀಳುತ್ತದೆ, ಜಿಟಿಜಿಟಿ. ಹೊಳೆಯುವುದು ‘ಪಿಕ ಪಿಕ’, ಫಳಫಳ. ಅಕ್ಷರಮಾಲೆಯನ್ನೂ ನೋಡಿ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬೌದ್ಧ ಭಿಕ್ಷುಗಳ ಸಂಸ್ಕೃತ ಓದಿನ ಮೂಲಕ ಇಲ್ಲಿಗೆ ಬಂದ ವರ್ಣಮಾಲೆಯ ಕ್ರಮ ಅದು.

ಎರಡು ಭಾಷೆಗೂ ನಂಟಿದೆ ಅಂತ ನಾನು ಹೇಳುತ್ತಿಲ್ಲ. ಆ ವಾದಕ್ಕೆ ಹೋಗಲೇಬೇಡಿ, ಪಂಡಿತರು ಹೊಡೆದಾಡಿಕೊಳ್ಳಲಿ. ನಮಗೆ ಬೇಕಾದದ್ದು ಇಷ್ಟೇ: ಜಪಾನಿ ಮಗು ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತದೋ ಅಲ್ಲಿ ನಾವೂ ಎಡವಿದ್ದೇವೆ, ಅಥವಾ ನಮ್ಮ ಅಕ್ಕಪಕ್ಕದವರು ಎಡವಿದ್ದನ್ನು ನೋಡಿದ್ದೇವೆ. ಇಂಗ್ಲಿಷ್ ತಾಯ್ನುಡಿಯವರಿಗೆ ಆ ಕಲ್ಲು ಕಾಣಿಸುವುದೇ ಇಲ್ಲ.

ಹಾಗಾಗಿ ನಾನು ಪಾಠದ ದಾರಿ ಬದಲಾಯಿಸಿದೆ. ಮೂರು ಮಕ್ಕಳಿಗೆ ಮೂರು ಚೀಟಿ: ‘ಐ’, ‘ಸಾಕರ್’, ‘ಲೈಕ್’. ಮೊದಲು ಜಪಾನಿ ಕ್ರಮದಲ್ಲಿ ನಿಲ್ಲುತ್ತಾರೆ. ಸೀಟಿ ಊದಿದ ತಕ್ಷಣ ‘ಲೈಕ್’ ಹಿಡಿದವನು ಕೊನೆಯಿಂದ ಓಡಿ ಬಂದು ನಡುವೆ ನುಗ್ಗಬೇಕು. ಇಷ್ಟೇ ಆಟ. ಎರಡು ವಾರದಲ್ಲಿ ಮಕ್ಕಳು ಬರೆಯುವಾಗಲೂ ‘ಓಡು, ಓಡು’ ಅಂತ ಪಿಸುಗುಡುತ್ತಿದ್ದರು.

ಪದದ ಕೊನೆಯ ಸ್ವರವೂ ಹಾಗೇ. ನಾವು ಬಸ್ಸು, ಕಪ್ಪು, ಸೂಪು ಅನ್ನುತ್ತೇವೆ. ಅವರು ಬಸು, ಕಪ್ಪು, ಸೂಪು ಅನ್ನುತ್ತಾರೆ. ‘ಉ ಬಿಡಿ’ ಅಂದರೆ ಯಾವ ಮಗುವಿಗೂ ಬರುವುದಿಲ್ಲ. ಸೂಪಿನ ‘ಪ್’ ಬಂದಾಗ ತುಟಿ ಮುಚ್ಚಿಕೊಂಡೇ ಮನಸ್ಸಿನಲ್ಲಿ ಎರಡು ಎಣಿಸಿ ಅನ್ನಿ. ಬರುತ್ತದೆ. ‘ರ’, ‘ಲ’ ಅವರಿಗೆ ಒಂದೇ, ನಮಗೆ ಳ ಸೇರಿ ಮೂರಿದೆ. ನಾಲಿಗೆ ಎಲ್ಲಿ ತಾಗುತ್ತದೆ ಅಂತ ಕೈಯಿಂದ ತೋರಿಸಬಲ್ಲವರು ನಾವು. ಜಂಬ ಪಡುವ ಮೊದಲು ನಮ್ಮ ಹುಳುಕನ್ನೂ ನೋಡಿಕೊಳ್ಳಬೇಕು. ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯೂ’ ಎರಡನ್ನೂ ನಾವು ಒಂದೇ ‘ವ’ದಲ್ಲಿ ಮುಗಿಸುತ್ತೇವೆ. ಕನ್ನಡಿ ಮುಂದೆ ನಿಂತು ಅದನ್ನು ಸರಿಮಾಡಿಕೊಂಡು ಬನ್ನಿ.

ಭೂಕಂಪದ ಬಗ್ಗೆ ಕೇಳುವವರಿದ್ದಾರೆ. ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಾರೆ. ಫೋನು ಕಿರುಚಿದರೆ ಮಕ್ಕಳು ನಿಮಗಿಂತ ಮುಂಚೆ ಮೇಜಿನ ಕೆಳಗಿರುತ್ತಾರೆ, ನೀವೂ ನುಗ್ಗಿ. ವಾಪಸ್ ಹೊರಡುವವರಿಗೆ: ಭಾರತ ಮತ್ತು ಜಪಾನಿನ ನಡುವೆ 2016ರ ಅಕ್ಟೋಬರ್‌ನಿಂದ ಸಾಮಾಜಿಕ ಭದ್ರತಾ ಒಪ್ಪಂದ, ಅಂದರೆ ಎರಡೂ ಕಡೆ ಪಿಂಚಣಿ ಕಟ್ಟಿದ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕುವ ಒಪ್ಪಂದ, ಜಾರಿಯಲ್ಲಿದೆ. ಕಟ್ಟಿದ ಪಿಂಚಣಿಯಲ್ಲಿ ಒಂದು ಭಾಗವನ್ನು ಒಂದೇ ಗಂಟಾಗಿ ವಾಪಸ್ ಪಡೆಯಬೇಕೆಂದರೆ ದೇಶ ಬಿಟ್ಟ 2 ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ ಹಾಗೆ ಪಡೆದರೆ ಆ ವರ್ಷಗಳು ಲೆಕ್ಕದಿಂದ ಹೋಗುತ್ತವೆ. ಯೋಚಿಸಿ ಮಾಡಿ.

ಕೊನೆಗೆ ಮೊದಲ ದಿನದ ಮಾತು. ಪರಿಚಯದ ಪಾಠಕ್ಕೆ ತಾಜ್ ಮಹಲ್, ಆನೆ ಚಿತ್ರ ಎಲ್ಲರೂ ತರುತ್ತಾರೆ. ನೀವು ಕಾಗದದ ಪಟ್ಟಿಗಳನ್ನು ತನ್ನಿ. ಒಂದೊಂದು ಮಗುವಿನ ಹೆಸರನ್ನೂ ಕನ್ನಡದಲ್ಲಿ ಬರೆದುಕೊಡಿ. ಆ ಗುಂಡಗುಂಡನೆ ಅಕ್ಷರ ನೋಡಿ ‘ಇದು ಅಕ್ಷರವಾ, ಚಿತ್ರವಾ?’ ಅಂತ ಕೇಳುತ್ತಾರೆ. ಪೆನ್ಸಿಲ್ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಂಡು ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ಬ್ಯಾಗಿನಲ್ಲಿ ದಪ್ಪ ಮಾರ್ಕರ್ ಎರಡಿರಲಿ. 35 ಹೆಸರು ಮುಗಿಯುವಷ್ಟರಲ್ಲಿ ಒಂದು ಒಣಗಿರುತ್ತದೆ, ಪಕ್ಕದ ತರಗತಿಯವರು ಬಾಗಿಲಲ್ಲಿ ಸಾಲು ನಿಂತಿರುತ್ತಾರೆ.