ನಾಲ್ಕು ಹಳೆಯ ವಿಸ್ಕಿ, ಆರು ಜನ, ಒಂದು ಸಂಜೆ

ಹಳೆಯ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ, ಅಂದರೆ ಭಟ್ಟಿಖಾನೆಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ) ಸವಿಯೋದಕ್ಕೆ ಆರು ಜನಕ್ಕಿಂತ ಜಾಸ್ತಿ ಸೇರಬಾರದು ಅನ್ನೋದು ನನ್ನ ಅಭಿಪ್ರಾಯ. ಆರು ಜನ ಒಂದೇ ಮೇಜಿನ ಸುತ್ತ ಕೂತರೆ ಒಬ್ಬರ ಮಾತು ಎಲ್ಲರಿಗೂ ಕೇಳುತ್ತದೆ. ಅದಕ್ಕಿಂತ ಹೆಚ್ಚಾದರೆ ಹರಟೆ ಎರಡು ಮೂರು ಕಡೆ ಶುರುವಾಗುತ್ತದೆ, ಗ್ಲಾಸನ್ನು ಯಾರೂ ಗಮನಿಸುವುದಿಲ್ಲ. ನಾನಿರುವುದು ಎಡಿನ್‌ಬರಾದಲ್ಲಿ. ಕಳೆದ ಚಳಿಗಾಲದಲ್ಲಿ ಇಲ್ಲಿನ ಕನ್ನಡದ ಗೆಳೆಯರನ್ನು ಮನೆಗೆ ಕರೆದು ನಾಲ್ಕು ಹಳೆಯ ವಿಸ್ಕಿಗಳನ್ನು ಮುಂದಿಟ್ಟೆ. ರೋಸ್‌ಬ್ಯಾಂಕ್ 21, ಬುನ್ನಹಾವನ್ 25, ಗ್ಲೆನ್‌ಫಾರ್ಕ್ಲಾಸ್ 25, ಕೊನೆಗೆ 1979ರಲ್ಲಿ ಭಟ್ಟಿ ಇಳಿಸಿದ ಪೋರ್ಟ್ ಎಲೆನ್. ಹೆಸರಿನ ಮುಂದಿನ ಸಂಖ್ಯೆ ವಿಸ್ಕಿಯ ವಯಸ್ಸು, ವರ್ಷಗಳಲ್ಲಿ.

ಮೊದಲು ದುಡ್ಡಿನ ಮಾತು. ಪೋರ್ಟ್ ಎಲೆನ್ ಬಾಟಲಿಗೆ ಈಗ ಸಾವಿರಾರು ಪೌಂಡ್. ಅಷ್ಟು ಸುರಿದು ಇಡೀ ಬಾಟಲಿ ಕೊಳ್ಳಬೇಕಾಗಿಲ್ಲ. ಇಲ್ಲಿ ವಿಸ್ಕಿ ಆಸಕ್ತರು ಸೇರಿ ಒಂದು ಬಾಟಲಿ ತಂದು, ಖರ್ಚು ಹಂಚಿಕೊಂಡು, ಚಿಕ್ಕ ಶೀಷೆಗಳಲ್ಲಿ ತಮ್ಮ ತಮ್ಮ ಪಾಲು ಒಯ್ಯುತ್ತಾರೆ. ರೋಸ್‌ಬ್ಯಾಂಕ್ ಮತ್ತು ಪೋರ್ಟ್ ಎಲೆನ್ ನನಗೆ ಸಿಕ್ಕಿದ್ದು ಹಾಗೆಯೇ. ಉಳಿದೆರಡು ನನ್ನವೇ ಬಾಟಲಿಗಳು. ತಲೆಗೆ 20 ಮಿಲಿಲೀಟರ್ ಅಂದರೆ ಆರು ಜನಕ್ಕೆ 120 ಸಾಕು. ಗೆಳೆಯನೊಬ್ಬ ಗ್ಲಾಸ್ ನೋಡಿ "ಇಷ್ಟೇನಾ ಮಾರಾಯ?" ಅಂದ. ಇಷ್ಟೇ. ನಾಲ್ಕೂ ಸೇರಿದರೆ ಒಬ್ಬರಿಗೆ 80 ಮಿಲಿಲೀಟರ್, ಇಲ್ಲಿನ ಲೆಕ್ಕದಲ್ಲಿ ಸುಮಾರು ನಾಲ್ಕು ಯೂನಿಟ್ ಮದ್ಯ (ಒಂದು ಯೂನಿಟ್ ಅಂದರೆ 10 ಮಿಲಿಲೀಟರ್ ಶುದ್ಧ ಮದ್ಯ). ಅದನ್ನು ಎರಡು ಗಂಟೆಗೂ ಮೀರಿ ಹಂಚಿಕೊಂಡೆವು. ಯಾರೂ ಕಾರು ತರಬಾರದು ಅಂತ ಮೊದಲೇ ಹೇಳಿದ್ದೆ. 2014ರ ಡಿಸೆಂಬರ್‌ನಿಂದ ಸ್ಕಾಟ್ಲೆಂಡ್‌ನಲ್ಲಿ ಕುಡಿದು ಓಡಿಸುವವರ ಮಿತಿ ಇಂಗ್ಲೆಂಡಿಗಿಂತ ಬಿಗಿಯಾಗಿದೆ, ಅದು ಸರಿಯೇ.

ಮನೆಯ ತಯಾರಿಯಲ್ಲಿ ಮುಖ್ಯವಾದದ್ದು ವಾಸನೆ. ಬೆಳಿಗ್ಗೆಯಿಂದ ಒಗ್ಗರಣೆ ಹಾಕಲಿಲ್ಲ, ಊದುಬತ್ತಿ ಹಚ್ಚಲಿಲ್ಲ. ರಾತ್ರಿಯ ಬಿಸಿಬೇಳೆಬಾತ್ ಹಿಂದಿನ ದಿನವೇ ಮಾಡಿಟ್ಟಿದ್ದೆ. ಬರುವವರಿಗೂ ಸೆಂಟ್ ಹಾಕಿಕೊಳ್ಳಬೇಡಿ ಅಂದಿದ್ದೆ. ಗ್ಲಾಸ್ ಗ್ಲೆನ್‌ಕೇರ್ನ್. 2001ರಲ್ಲಿ ಬಂದ ಈ ಗ್ಲಾಸಿಗೆ ಹೊಟ್ಟೆ ಅಗಲ, ಬಾಯಿ ಕಿರಿದು, ಹಾಗಾಗಿ ಪರಿಮಳ ಮೇಲೆ ಒಂದೆಡೆ ಕೂಡುತ್ತದೆ. ಸೋಪು ಹಾಕದೆ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಖಾಲಿ ಗ್ಲಾಸನ್ನು ಒಂದೊಂದಾಗಿ ಮೂಸಿ ನೋಡಿದೆ. ಕಪಾಟಿನಲ್ಲಿ ತುಂಬಾ ದಿನ ಇಟ್ಟ ಗ್ಲಾಸಿಗೆ ಮರದ ವಾಸನೆ ಅಂಟಿರುತ್ತದೆ. ಅದು ವಿಸ್ಕಿಯದೇ ಅಂದುಕೊಳ್ಳುವ ಸಾಧ್ಯತೆ ಇದೆ.

ಬಾಟಲಿಗಳನ್ನು ನಾನು ಯಾವಾಗಲೂ ನಿಲ್ಲಿಸಿಯೇ ಇಡುತ್ತೇನೆ. ವೈನ್ ಹಾಗೆ ಮಲಗಿಸಿದರೆ ಗಟ್ಟಿ ಮದ್ಯ ಕಾರ್ಕನ್ನು ತಿಂದುಹಾಕುತ್ತದೆ. ಹಳೆಯ ಕಾರ್ಕ್ ತೆಗೆಯುವಾಗ ಮುರಿಯುವುದೂ ಉಂಟು. ಅದಕ್ಕೇ ಬೇರೆ ಬಾಟಲಿಯ ಒಂದೆರಡು ಒಳ್ಳೆಯ ಕಾರ್ಕ್ ಮತ್ತು ಸಣ್ಣ ಜಾಲರಿಯ ಸೋಸುಕ ಪಕ್ಕದಲ್ಲಿಟ್ಟಿದ್ದೆ.

ಯಾವುದು ಮೊದಲು, ಯಾವುದು ಆಮೇಲೆ? ಮದ್ಯದ ಪ್ರಮಾಣ ಕಡಿಮೆ ಇರುವುದು ಮೊದಲು ಅನ್ನೋದು ಎಲ್ಲರೂ ಹೇಳುವ ನಿಯಮ. ಅದನ್ನು ಬಿಟ್ಟು ರೋಸ್‌ಬ್ಯಾಂಕನ್ನೇ ಮೊದಲಿಗೆ ತಂದೆ. ಅದರಲ್ಲಿ ಮದ್ಯ ಶೇ. 50ಕ್ಕೂ ಮೀರಿ ಇತ್ತು. ಆದರೆ ಪರಿಮಳ ತುಂಬಾ ನಯ. ಶೆರಿ (ಸ್ಪೇನ್ ದೇಶದ ಒಂದು ಬಗೆಯ ವೈನ್) ಪೀಪಾಯಿಯ ದಪ್ಪ ವಿಸ್ಕಿ ಕುಡಿದ ನಾಲಿಗೆಗೆ ಅದು ತಿಳಿಯುವುದೇ ಇಲ್ಲ. ಮೊದಲೇ ನೀರು ಬೆರೆಸಿ ಅದರ ಖಾರ ತಗ್ಗಿಸಿದೆ. ಸ್ಕಾಟ್ಲೆಂಡ್‌ನಲ್ಲಿ ಹೆಚ್ಚಿನವರು ಎರಡು ಸಲ ಭಟ್ಟಿ ಇಳಿಸುತ್ತಾರೆ, ಫಾಲ್ಕರ್ಕ್ ಹತ್ತಿರದ ರೋಸ್‌ಬ್ಯಾಂಕ್‌ನಲ್ಲಿ ಮೂರು ಸಲ. ಆ ಹಗುರತನ ಬರೋದಕ್ಕೆ ಅದೂ ಒಂದು ಕಾರಣ. ಗಜನಿಂಬೆ ಸಿಪ್ಪೆ, ಆಗತಾನೇ ಕೊಯ್ದ ಹುಲ್ಲು, ಕೊನೆಯಲ್ಲಿ ತೆಳ್ಳನೆಯ ಜೇನು. ಈ ಡಿಸ್ಟಿಲರಿ 1993ರಲ್ಲಿ ಮುಚ್ಚಿತು. ಆಮೇಲೆ ಕಳ್ಳರು ತಾಮ್ರದ ಆಸೆಗೆ ಅದರ ಭಟ್ಟಿ ಪಾತ್ರೆಗಳಾದ ಸ್ಟಿಲ್‌ಗಳನ್ನೇ ಕದ್ದೊಯ್ದರು. 2017ರಲ್ಲಿ ಇಯಾನ್ ಮೆಕ್ಲಿಯೋಡ್ ಕಂಪನಿ ಅದನ್ನು ಕೈಗೆ ತೆಗೆದುಕೊಂಡಿತು. 2023ರಲ್ಲಿ ಮತ್ತೆ ಪೀಪಾಯಿ ತುಂಬಿದರು. ಇದನ್ನು ಹೇಳಿದಾಗ ಮೇಜಿನ ಸುತ್ತ ಎಲ್ಲರಿಗೂ ನಿಜವಾದ ಸಂತೋಷ ಆಯಿತು.

ಎರಡನೆಯದಕ್ಕೆ ಬರುವ ಮೊದಲು ಸಮಯದ ವಿಷಯ ಹೇಳಬೇಕು. ನನ್ನ ಮಟ್ಟಿಗೆ ಇಡೀ ಸಂಜೆಯ ಗುಟ್ಟು ಇದೇ. ಪೀಪಾಯಿಯಲ್ಲಿ ಕಳೆದ ವರ್ಷಕ್ಕೊಂದು ನಿಮಿಷದಂತೆ ಗ್ಲಾಸಿನಲ್ಲಿ ಬಿಡಿ ಅಂತ ವಿಸ್ಕಿ ಬಲ್ಲವರು ಹೇಳುತ್ತಾರೆ. ನಾನು ಅದನ್ನು ಅಕ್ಷರಶಃ ಪಾಲಿಸುತ್ತೇನೆ. ಬುನ್ನಹಾವನ್ ಸುರಿದು ಮೂಸಿದಾಗ ಮೊದಲಿಗೆ ಬರೀ ಮದ್ಯ ಮತ್ತು ಮರ. ಹತ್ತು ನಿಮಿಷಕ್ಕೆ ಒಣದ್ರಾಕ್ಷಿ ಬಂತು. ಇಪ್ಪತ್ತು ದಾಟಿದ ಮೇಲೆ ಹುರಿದ ಗೋಡಂಬಿ, ಚೂರು ಉಪ್ಪು, ಚೂರು ಜೋನಿಬೆಲ್ಲ. ಗ್ಲಾಸ್ ಅದೇ, ವಿಸ್ಕಿ ಅದೇ. ಐದು ನಿಮಿಷದಲ್ಲಿ ಮುಗಿಸಿದ್ದರೆ ಇಪ್ಪತ್ತೈದು ವರ್ಷದ ಕೆಲಸದಲ್ಲಿ ಅರ್ಧವೂ ನಮಗೆ ಸಿಗುತ್ತಿರಲಿಲ್ಲ. ಐಲಾ ದ್ವೀಪ ಅಂದರೆ ಹೊಗೆ ಅಂದುಕೊಂಡಿದ್ದವರಿಗೆ ಇದು ಅಚ್ಚರಿ. ಬುನ್ನಹಾವನ್ ಐಲಾದ್ದೇ, ಆದರೆ ಅಲ್ಲಿ ಹೆಚ್ಚಾಗಿ ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿದ, ಉರಿಸುವ ಮಣ್ಣು) ಹೊಗೆ ಹಾಕದ ಬಾರ್ಲಿಯನ್ನೇ ಬಳಸುತ್ತಾರೆ.

ಬಾಟಲಿ ಮೇಲಿನ 25 ಏನು ಹೇಳುತ್ತದೆ ಅಂತ ಒಬ್ಬರು ಕೇಳಿದರು. ಅದರಲ್ಲಿ ಬೆರೆತ ಅತಿ ಎಳೆಯ ವಿಸ್ಕಿಯ ವಯಸ್ಸು ಅದು. ಉಳಿದದ್ದು ಇನ್ನೂ ಹಳೆಯದಿರಬಹುದು. ಕಾನೂನಿನ ಪ್ರಕಾರ ಸ್ಕಾಚ್ ಓಕ್ ಪೀಪಾಯಿಯಲ್ಲಿ ಸ್ಕಾಟ್ಲೆಂಡ್‌ನಲ್ಲೇ ಮೂರು ವರ್ಷವಾದರೂ ಇರಬೇಕು. ಅಲ್ಲಿಂದ ಇಪ್ಪತ್ತೈದಕ್ಕೆ ಹೋಗೋದು ಸುಲಭವಲ್ಲ. ಇಲ್ಲಿನ ತಂಪಿನಲ್ಲಿ ವರ್ಷಕ್ಕೆ ಸುಮಾರು ಶೇ. 2 ಆವಿಯಾಗುತ್ತದೆ. 25 ವರ್ಷಕ್ಕೆ ಲೆಕ್ಕ ಹಾಕಿದರೆ 250 ಲೀಟರ್ ಪೀಪಾಯಿಯಲ್ಲಿ 150 ಉಳಿದೀತು. ಜೊತೆಗೆ ಮದ್ಯದ ಪ್ರಮಾಣವೂ ಇಳಿಯುತ್ತಾ ಹೋಗುತ್ತದೆ. ಶೇ. 40ಕ್ಕಿಂತ ಕೆಳಗೆ ಬಂದರೆ ಅದನ್ನು ಸ್ಕಾಚ್ ಅಂತ ಮಾರುವ ಹಾಗಿಲ್ಲ. ಆಗ ನಮ್ಮ ಬೆಂಗಳೂರಿನ ಅಮೃತ್ ವಿಸ್ಕಿಯ ಮಾತು ಬರಲೇಬೇಕಲ್ವಾ? ಅಲ್ಲಿನ ಬಿಸಿಲಿಗೆ ವರ್ಷಕ್ಕೆ ಶೇ. 10ಕ್ಕೂ ಜಾಸ್ತಿ ಹೋಗುತ್ತದೆ. ಅವರು 2013ರಲ್ಲಿ ತಂದ ಗ್ರೀಡಿ ಏಂಜಲ್ಸ್‌ಗೆ ಬರೀ 8 ವರ್ಷ. ಆ ಹವೆಯಲ್ಲಿ ಅಷ್ಟು ಕಾಲ ಪೀಪಾಯಿ ಕಾಯ್ದಿದ್ದೇ ದೊಡ್ಡ ಕೆಲಸ.

ಗ್ಲೆನ್‌ಫಾರ್ಕ್ಲಾಸ್ ಸ್ಕಾಟ್ಲೆಂಡ್‌ನ ವಿಸ್ಕಿ ಪ್ರದೇಶವಾದ ಸ್ಪೇಸೈಡ್‌ನದು. 1865ರಿಂದ ಗ್ರಾಂಟ್ ಮನೆತನದ ಕೈಯಲ್ಲೇ ಇದೆ. ಸ್ಟಿಲ್‌ಗಳಿಗೆ ಈಗಲೂ ನೇರ ಬೆಂಕಿ, ಪೀಪಾಯಿ ಹೆಚ್ಚಾಗಿ ಶೆರಿಯದು. ಉತ್ತುತ್ತೆ, ಅಂಜೂರ, ಕಾಫಿ ಡಿಕಾಕ್ಷನ್. ವಯಸ್ಸು ಹೆಚ್ಚಿದಷ್ಟೂ ವಿಸ್ಕಿ ಒಳ್ಳೆಯದು ಅನ್ನುವ ನಂಬಿಕೆ ಇದೆ. ನಾನದನ್ನು ಒಪ್ಪುವುದಿಲ್ಲ. ಶೆರಿ ಪೀಪಾಯಿಯಲ್ಲಿ ತುಂಬಾ ವರ್ಷ ಬಿಟ್ಟರೆ ಮರದ ಒಗರು ಮುಂದೆ ಬಂದು ಬಾಯಿ ಒಣಗಿಸುತ್ತದೆ. ಇದರಲ್ಲಿ ಒಗರು ಇತ್ತು, ಆದರೆ ಹಣ್ಣಿನ ಸಿಹಿ ಅದಕ್ಕೆ ಸರಿಸಮ ನಿಂತಿತ್ತು. ಇದಕ್ಕೆ ನೀರು ಹಾಕಲು ಬಿಡಲಿಲ್ಲ. ಶೇ. 43ರ ಹಳೆಯ ವಿಸ್ಕಿಗೆ ಒಂದು ಚಮಚ ನೀರು ಬಿದ್ದರೂ ಸಪ್ಪೆಯಾಗುತ್ತದೆ.

ಪೋರ್ಟ್ ಎಲೆನ್‌ಗೆ ಆದರೆ ನೀರು ಬೇಕು, ಅದೂ ಡ್ರಾಪರ್‌ನಿಂದ ಹನಿ ಹನಿಯಾಗಿ. 2017ರಲ್ಲಿ ಸ್ವೀಡನ್‌ನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್‌ನಲ್ಲಿ ಇದರ ಲೆಕ್ಕ ಹಾಕಿ ತೋರಿಸಿದ್ದಾರೆ. ಹೊಗೆಯ ಪರಿಮಳ ಕೊಡುವ ಗ್ವಾಯಾಕಾಲ್ ಅನ್ನುವ ಅಂಶ ಮದ್ಯ ಶೇ. 45ಕ್ಕಿಂತ ಕಡಿಮೆಯಾದಾಗ ಮೇಲ್ಭಾಗಕ್ಕೆ ಬಂದು ನಿಲ್ಲುತ್ತದಂತೆ. ನಮ್ಮ ಮೂಗಿಗೂ ಹಾಗೇ ಅನ್ನಿಸಿತು. ನೀರಿಗೆ ಮೊದಲು ನಿಂಬೆ ಮತ್ತು ಮೇಣ, ಆಮೇಲೆ ಹೊಗೆ. ಎಳೆಯ ಐಲಾ ವಿಸ್ಕಿಯಲ್ಲಿ ಹೊಗೆ ಮುಖಕ್ಕೇ ಬಡಿಯುತ್ತದೆ. ವರ್ಷ ಕಳೆದಂತೆ ಅದು ತಣ್ಣಗಾಗಿ ಹಿಂದಕ್ಕೆ ಸರಿಯುತ್ತದೆ. 1970ರ ದಶಕದಲ್ಲಿ ಎಲ್ಲರೂ ಜಾಸ್ತಿ ವಿಸ್ಕಿ ಮಾಡಿದರು, ಕೊಳ್ಳುವವರು ಕಡಿಮೆಯಾದರು. 1983ರಲ್ಲಿ ಪೋರ್ಟ್ ಎಲೆನ್ ಒಡೆತನದ ಕಂಪನಿ ತನ್ನ ಹಲವು ಡಿಸ್ಟಿಲರಿಗಳನ್ನು ಮುಚ್ಚಿತು. ಐಲಾದಲ್ಲಿ ಅದೇ ಕಂಪನಿಗೆ ಲಾಗವುಲಿನ್, ಕುಲೀಲ ಕೂಡ ಇದ್ದವು, ಹಾಗಾಗಿ ಪೋರ್ಟ್ ಎಲೆನ್ ಹೋಯಿತು. 2024ರಲ್ಲಿ ಮತ್ತೆ ತೆರೆದಿದ್ದಾರೆ. ಆದರೆ ಈಗ ಇಳಿಸುವ ವಿಸ್ಕಿ ಇಷ್ಟು ಹಳೆಯದಾಗಲು 2050 ದಾಟಬೇಕು. ಈ ಗ್ಲಾಸಿನಲ್ಲಿದ್ದದ್ದು ಮುಗಿದುಹೋಗುತ್ತಿರುವ ದಾಸ್ತಾನು. ಅದನ್ನು ಕುಡಿಯದೆ ಬೀಗ ಹಾಕಿಟ್ಟು ಬೆಲೆ ಏರುವುದನ್ನು ಕಾಯುವವರನ್ನು ಕಂಡರೆ ನನಗೆ ನೋವಾಗುತ್ತದೆ. ಮಾಡಿದವರು ಕುಡಿಯಲೆಂದೇ ಮಾಡಿದ್ದು.

ನಡುನಡುವೆ ತಿನ್ನಲು ಬರೀ ಬಿಳಿ ಬ್ರೆಡ್ ಮತ್ತು ನೀರು ಇಟ್ಟಿದ್ದೆ. ಒಬ್ಬರು ತಂದ ಕಾಂಗ್ರೆಸ್ ಕಡಲೆಬೀಜವನ್ನು ಊಟದ ಹೊತ್ತಿಗೆ ಎತ್ತಿಟ್ಟೆ. ಮೆಣಸಿನ ಖಾರ ತಗುಲಿದ ನಾಲಿಗೆ ಆ ಸಂಜೆಗೆ ಮತ್ತೆ ಸರಿಹೋಗುವುದಿಲ್ಲ.

ಕೊನೆಗೆ ಮೂವರಿಗೆ ಬುನ್ನಹಾವನ್ ಹೆಚ್ಚು ಹಿಡಿಸಿತು, ಇಬ್ಬರಿಗೆ ಪೋರ್ಟ್ ಎಲೆನ್. ನನ್ನ ಮತ ರೋಸ್‌ಬ್ಯಾಂಕ್‌ಗೆ. ನನ್ನ ಎರಡು ಬಾಟಲಿಗಳಲ್ಲಿ ಉಳಿದದ್ದನ್ನು ಮಾರನೆಯ ದಿನವೇ 100 ಮಿಲಿಲೀಟರ್ ಗಾಜಿನ ಶೀಷೆಗಳಿಗೆ ಕತ್ತಿನವರೆಗೂ ತುಂಬಿ, ಹೆಸರು ಮತ್ತು ತಾರೀಖು ಬರೆದಿಟ್ಟೆ. ಅರ್ಧ ಖಾಲಿ ಬಾಟಲಿಯಲ್ಲಿ ಬಿಟ್ಟರೆ ಗಾಳಿ ಸೇರಿ ತಿಂಗಳುಗಳಲ್ಲಿ ಪರಿಮಳ ಮಂಕಾಗುತ್ತದೆ. ಗೆಳೆಯರಿಗೆ ಒಂದೊಂದು ಶೀಷೆ ಕೊಟ್ಟು, ಮನೆಯಲ್ಲಿ ಬೇರೆ ದಿನ ಮತ್ತೊಮ್ಮೆ ಸವಿದು ಏನನ್ನಿಸಿತು ಅಂತ ಹೇಳಿ ಅಂದಿದ್ದೇನೆ. ಮುಂದಿನ ಸಲಕ್ಕೆ ಕ್ಯಾಂಪ್‌ಬೆಲ್‌ಟೌನ್‌ನ ಸ್ಪ್ರಿಂಗ್‌ಬ್ಯಾಂಕ್ 21ಕ್ಕೆ ಈಗಾಗಲೇ ಪಾಲು ಸೇರಿಸುತ್ತಿದ್ದೇವೆ.