ಇಟ್ಟಂಗಿ ಕೆಂಪಾದ ಇಳಕಲ್ ಸೀರೆ
ಗದಗಿನಲ್ಲಿ ಮದುವೆಯ ಫೋಟೊ ತೆಗೆಯುವ ನಾನು, ಆಲ್ಬಂ ಮುದ್ರಣವಾಗಿ ಬಂದಾಗಲೆಲ್ಲ ಚಿತ್ರಗಳು ಕಪ್ಪಿಟ್ಟಿವೆಯೆಂದು ವರ್ಷಗಟ್ಟಲೆ ಲ್ಯಾಬಿನವರನ್ನೇ ದೂರುತ್ತಿದ್ದೆ. ಒಮ್ಮೆ ಮದುಮಗಳ ತಾಯಿಯವರು ಇಳಕಲ್ ಸೀರೆಯನ್ನೇ ಸ್ಟುಡಿಯೋಗೆ ತಂದು, ಸೆರಗನ್ನು ಆಲ್ಬಮ್ಮಿನ ಹಾಳೆಯ ಮೇಲೆ ಹಾಸಿ, "ತಮ್ಮಾ, ಇದು ದಾಳಿಂಬರಿ ಕೆಂಪು, ನೀ ಮಾಡಿದ್ದು ಇಟ್ಟಂಗಿ ಕೆಂಪು ಆಗೇದ ನೋಡು" ಎಂದರು. ಉತ್ತರ ಹೊಳೆಯಲಿಲ್ಲ.

ಹುಬ್ಬಳ್ಳಿಯ ಗೆಳೆಯರೊಬ್ಬರಿಂದ ಪರದೆಯ ಬಣ್ಣ, ಬೆಳಕು ಅಳೆಯುವ ಕಲರಿಮೀಟರ್ ಎರವಲು ತಂದೆ. ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಟ್ಟು, ವಿಂಡೋಸ್‌ನ ನೈಟ್ ಲೈಟ್, ಮಾನಿಟರಿನ ಡೈನಮಿಕ್ ಕಾಂಟ್ರಾಸ್ಟ್ (ಪರದೆಯ ಬಣ್ಣ, ಬೆಳಕನ್ನು ತಾವೇ ಬದಲಿಸುವ ಸೌಲಭ್ಯಗಳು) ಎರಡನ್ನೂ ನಿಲ್ಲಿಸಿ ಅಳೆದಾಗ, ಬಿಳಿಯ ಪ್ರಕಾಶ ಚದರ ಮೀಟರಿಗೆ 270 ಕ್ಯಾಂಡೆಲಾ, ಬಣ್ಣದ ತಾಪ (ಇದು ಹೆಚ್ಚಿದಷ್ಟೂ ಬಿಳಿ ನೀಲಿಗೆ ವಾಲುತ್ತದೆ) 7600 ಕೆಲ್ವಿನ್ ಎಂದು ಬಂತು. ದೋಷ ಲ್ಯಾಬಿನದಲ್ಲವೆಂಬುದು ಅಲ್ಲಿಗೆ ತಿಳಿಯಿತು. ಪರದೆಯೇ ನೀಲಿಗೆ ತಿರುಗಿದ್ದರಿಂದ ನಾನು ಪ್ರತಿ ಚಿತ್ರಕ್ಕೂ ಹಳದಿ ಬೆರೆಸುತ್ತಿದ್ದೆ. ಪರದೆ ಅತಿಯಾಗಿ ಬೆಳಗುತ್ತಿದ್ದರಿಂದ, ಚಿತ್ರದಲ್ಲಿ ಬೆಳಕು ಸಾಕಷ್ಟಿದೆಯೆಂದು ನಂಬಿ ಅದನ್ನು ಇನ್ನಷ್ಟು ತಗ್ಗಿಸುತ್ತಿದ್ದೆ. ದಾಳಿಂಬೆ ಇಟ್ಟಿಗೆಯಾದದ್ದು ಹೀಗೆ.

ಗುರಿಯಾಗಿ 6500 ಕೆಲ್ವಿನ್, ಗಾಮಾ (ಕಪ್ಪು-ಬಿಳಿಯ ನಡುವಿನ ಛಾಯೆಗಳು ಎಷ್ಟು ಬೆಳಗಬೇಕೆಂಬ ಅಳತೆ) 2.2, ಪ್ರಕಾಶ 100 ಕ್ಯಾಂಡೆಲಾ ಇಟ್ಟುಕೊಂಡೆ. ಮೊದಲು ಮಾನಿಟರಿನ ಗುಂಡಿಗಳಿಂದಲೇ ಬ್ರೈಟ್‌ನೆಸ್ಸನ್ನು 90ರಿಂದ 24ಕ್ಕೆ ಇಳಿಸಿ, ನೀಲಿಯನ್ನು ತಗ್ಗಿಸಿ, ಉಳಿದ ತಿದ್ದುಪಡಿಯನ್ನು ಉಚಿತವಾಗಿ ಸಿಗುವ ಡಿಸ್‌ಪ್ಲೇಕ್ಯಾಲ್ ತಂತ್ರಾಂಶಕ್ಕೆ ಬಿಟ್ಟೆ. ಎಲ್ಲವನ್ನೂ ತಂತ್ರಾಂಶಕ್ಕೇ ಹೊರಿಸಿದರೆ ಛಾಯೆಗಳ ಮೆಟ್ಟಿಲುಗಳು ಕಡಿಮೆಯಾಗಿ, ಆಕಾಶದಂಥ ನಯವಾದ ಭಾಗಗಳಲ್ಲಿ ಪಟ್ಟೆ ಮೂಡುತ್ತದೆ. ಎರಡು ದಿನ ಕಂದೀಲಿನ ಬತ್ತಿ ಇಳಿಸಿದಂತೆ ಪರದೆ ಮಂಕಾಗಿ ಕಂಡಿತು. ಮೂರನೆಯ ದಿನ ಕಣ್ಣು ಒಗ್ಗಿತು.

ಉಪಕರಣಕ್ಕಿಂತ ಹೆಚ್ಚು ಕೆಲಸ ಕೇಳಿದ್ದು ಕೋಣೆ. ಬೆನ್ನ ಹಿಂದಿನ ಗಿಳಿಹಸಿರು ಗೋಡೆ ಪರದೆಯಲ್ಲಿ ಪ್ರತಿಫಲಿಸುತ್ತಿತ್ತು, ಪಡುವಣ ಕಿಟಕಿಯಿಂದ ಸಂಜೆ ಬಿಸಿಲು ನೇರವಾಗಿ ಬೀಳುತ್ತಿತ್ತು. ಗೋಡೆಗೆ ಬೂದು ಬಣ್ಣ ಬಳಿಸಿ, ಕಿಟಕಿಗೆ ದಪ್ಪ ಪರದೆ ಕಟ್ಟಿ, ಮುದ್ರಿತ ಹಾಳೆ ನೋಡಲೆಂದು 5000 ಕೆಲ್ವಿನ್‌ನ ದೀಪವೊಂದನ್ನು ಮೇಜಿನ ಪಕ್ಕ ಇಟ್ಟೆ. ಆ ದೀಪದಡಿಯ ಬಿಳಿ ಕಾಗದವೂ ಪರದೆಯ ಖಾಲಿ ಪುಟವೂ ಹೆಚ್ಚುಕಡಿಮೆ ಒಂದೇ ಪ್ರಕಾಶದಲ್ಲಿ ಕಂಡರೆ ಬ್ರೈಟ್‌ನೆಸ್ ಸರಿಯಿದೆಯೆಂದು ತಿಳಿಯುತ್ತೇನೆ.

ನನ್ನ ಪರದೆ ಬಣ್ಣಗಳನ್ನು ಹೇಗೆ ತೋರಿಸುತ್ತದೆಂದು ಆ ತಂತ್ರಾಂಶ ಬರೆದಿಡುವ ಕಡತ, ಅಂದರೆ ಪ್ರೊಫೈಲ್, ಸಿದ್ಧವಾದ ಮೇಲೂ ಒಂದು ಗೊಂದಲ ಉಳಿಯಿತು: ಒಂದೇ ಚಿತ್ರ ಫೋಟೊಶಾಪಿನಲ್ಲಿ ಒಂದು ಬಗೆ, ನಾನು ಬಳಸುತ್ತಿದ್ದ ಹಳೆಯ ಚಿತ್ರವೀಕ್ಷಕದಲ್ಲಿ ಇನ್ನೊಂದು ಬಗೆ. ಪ್ರೊಫೈಲನ್ನು ಓದಿ ಬಣ್ಣ ಹೊಂದಿಸುವ ಸಾಮರ್ಥ್ಯ ಆ ಹಳೆಯದಕ್ಕೆ ಇರಲಿಲ್ಲ, ಅದನ್ನು ತೆಗೆದುಹಾಕಿದೆ.

ಆಲ್ಬಮ್ಮಿನ ಆ ಪುಟವನ್ನು ಮತ್ತೆ ತಿದ್ದಿ, ಅದೇ ಲ್ಯಾಬಿನಲ್ಲಿ ಮುದ್ರಿಸಿ, ಮದುಮಗಳ ತಾಯಿಯವರನ್ನು ಕರೆಸಿ ಸ್ಟುಡಿಯೋದ ಕಟ್ಟೆಯ ಮೇಲೆ ಹಗಲ ಬೆಳಕಿನಲ್ಲಿ ಸೆರಗಿನ ಪಕ್ಕ ಇಟ್ಟು ತೋರಿಸಿದಾಗ ಅವರು ಒಪ್ಪಿದರು. ಒಳಗಿನ ಎಲ್‌ಇಡಿ ಬೆಳಕಿನಲ್ಲಿ ಮಾತ್ರ ಎರಡೂ ಕೊಂಚ ಬೇರೆಯಾಗಿಯೇ ಕಂಡವು. ಅದು ಮಾನಿಟರಿನ ಕೈಯಲ್ಲಿಲ್ಲ. ನೂಲಿನ ಬಣ್ಣವೂ ಮುದ್ರಣದ ಬಣ್ಣವೂ ಬೆಳಕನ್ನು ಹೀರುವ ರೀತಿಯೇ ಬೇರೆ.